ಬಣ್ಣದ ಪೆಟ್ಟಿಗೆ: ‘ಇಲ್ಲೆ’ ಅಂದರೆ ಇಲ್ಲ

ಹೋದ ಸಂಚಿಕೆಯ ‘ಬಣ್ಣದ ಪೆಟ್ಟಿಗೆ’ಯಲ್ಲಿ ಯಮಧರ್ಮನ ಮೀಸೆ ಸಾವಿತ್ರಿಯ ಸೆರಗಿಗೆ ಅಂಟಿಕೊಂಡು ಹೋದ ಪ್ರಸಂಗ ಬರೆದಿದ್ದೆ. ಓದಿ ನಕ್ಕವರು ಫೋನ್ ಮಾಡಿದರು. ಸಾವಿತ್ರಿಯ ಪಾತ್ರ ಮಾಡಿದ್ದವರೂ ಫೋನ್ ಮಾಡಿದರು, ಅವರು ನಗಲಿಲ್ಲ! ಆದ್ದರಿಂದ ಈ ಸಲ ಸಂಪಾದಕರು ಮೊದಲೇ ಎಚ್ಚರಿಕೆ ಕೊಟ್ಟಿದ್ದಾರೆ: “ಸ್ವಲ್ಪ ಗಂಭೀರವಾಗಿ ಬರೀರಿ. ಇಷ್ಟು ವರ್ಷದಿಂದ ಆ್ಯಕ್ಟ್ ಮಾಡ್ತಿದೀರಲ್ಲ, ನಟನೆ ಅಂದ್ರೇನು, ಅದರಿಂದ ಏನು ಕಲಿತ್ರಿ, ಅಂಥದ್ದೇನಾದ್ರೂ.”

ನನ್ನನ್ನು ನಟ ಎಂದು ಕರೆದವರಲ್ಲಿ ಅವರೇ ಮೊದಲಿಗರು. 1991ರಲ್ಲಿ ಡೆಟ್ರಾಯ್ಟಿಗೆ ಬಂದಾಗಿನಿಂದ, 2009ರಲ್ಲಿ ಶಿಕಾಗೋ ಕಡೆಗೆ ಗಂಟುಮೂಟೆ ಕಟ್ಟಿದ ಮೇಲೂ, ಕನ್ನಡ ಕೂಟಗಳ ನಾಟಕಗಳಲ್ಲಿ ಮಾವ, ಪೊಲೀಸ್ ಪೇದೆ, ಯಮ, ಹಳ್ಳಿಯಿಂದ ಬಂದ ಚಿಕ್ಕಪ್ಪ, ಮತ್ತೆ ಮಾವ – ಇದೇ ನನ್ನ ವೃತ್ತಿಜೀವನ. ನಮ್ಮ ರಂಗಭೂಮಿ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಬಾಡಿಗೆಗೆ ಪಡೆದ ಹೈಸ್ಕೂಲ್ ಆಡಿಟೋರಿಯಂ, ಗಣೇಶಸ್ತುತಿ, ಪುಟಾಣಿಗಳ ಫ್ಯಾಷನ್ ಷೋ, ಸ್ಪಾನ್ಸರ್‌ಗಳಿಗೆ ಹೂಗುಚ್ಛ. ಇದೆಲ್ಲ ಮುಗಿದು ಕೆಫೆಟೇರಿಯಾದಿಂದ ಬಿಸಿಬೇಳೆಭಾತಿನ ವಾಸನೆ ಬರತೊಡಗಿದಾಗ ನಮ್ಮ ನಾಟಕ. “ಮೂವತ್ತೈದು ನಿಮಿಷ ಅಂದಿದ್ರಿ, ಇಪ್ಪತ್ತಕ್ಕೆ ಮುಗಿಸ್ತೀರಾ?” ಎಂದು ಪರದೆಯ ಹಿಂದೆ ಬಂದು ಕೇಳುವವರು ಒಬ್ಬರು ಇದ್ದೇ ಇರುತ್ತಾರೆ. ಒಂಬತ್ತು ಗಂಟೆಗೆ ಶಾಲೆಯ ಜಾನಿಟರ್ ದೀಪ ಆರಿಸುತ್ತಾನೆ, ಅವನಿಗೆ ಕ್ಲೈಮ್ಯಾಕ್ಸ್ ಗೊತ್ತಿಲ್ಲ.

ಸರಿ, ಗಂಭೀರವಾಗಿ ಬರೆಯುತ್ತೇನೆ. ಅದಕ್ಕೆ ನಾನು ಶಿರಸಿಯಿಂದ ಶುರು ಮಾಡಬೇಕು.

ನಮ್ಮದು ಶಿರಸಿ ಸೀಮೆಯ ಹಳ್ಳಿ, ಅಡಿಕೆ ತೋಟದ ಮನೆ, ಮನೆಮಾತು ಹವ್ಯಕ ಕನ್ನಡ. ಸಣ್ಣವನಿದ್ದಾಗ ಗದ್ದೆ ಕೊಯ್ಲಾದ ಮೇಲೆ ಯಕ್ಷಗಾನದ ಮೇಳಗಳು ಬರುತ್ತಿದ್ದವು. ಇಡಗುಂಜಿ ಮೇಳ, ಅಂದರೆ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಮೇಳ, ಬರುತ್ತದೆಂದರೆ ಊರಿಗೆ ಊರೇ ಕಂಬಳಿ ಹೊದ್ದುಕೊಂಡು ಹೊರಡುತ್ತಿತ್ತು. ಯಕ್ಷಗಾನದಲ್ಲಿ ಬರೆದಿಟ್ಟ ಮಾತು ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ವೇಷಧಾರಿ ಅದಕ್ಕೆ ಅಲ್ಲೇ ಅರ್ಥ ಹೇಳಬೇಕು. ಬೆಳಗಿನ ಜಾವದವರೆಗೂ ಶುದ್ಧ ಗ್ರಾಂಥಿಕ ಕನ್ನಡ. ಬಾಯಿ ತಪ್ಪಿ ಒಂದು ಇಂಗ್ಲಿಷ್ ಶಬ್ದ ಬಂದರೆ ಮರುದಿನ ಅಂಗಡಿಕಟ್ಟೆಯಲ್ಲಿ ಅದೇ ಮಾತು. ಹಗಲಿನಲ್ಲಿ “ಮಾಣಿ, ಉಂಡ್ಯಾ?” ಎಂದು ಕೇಳುವ ಹತ್ತಿರದ ಊರಿನ ಕಲಾವಿದರು ರಾತ್ರಿ ಕಿರೀಟ ಇಟ್ಟುಕೊಂಡು ಕರ್ಣನಾಗಿ ಮಾತನಾಡುವಾಗ ಅದು ಅವರದೇ ಬಾಯಿ ಎಂದು ನಂಬಲು ಆಗುತ್ತಿರಲಿಲ್ಲ. ಮನೆಯ ಮಾತು ಬೇರೆ, ಬಣ್ಣ ಹಚ್ಚಿದ ಮೇಲಿನ ಮಾತು ಬೇರೆ ಎಂಬ ಪಾಠ ನನಗೆ ಅಲ್ಲೇ ಆಯಿತು. ಆ ಪಾಠ ಒಳ್ಳೆಯದೇ, ಆದರೆ ನಾನು ಅದನ್ನು ಅರ್ಧ ಕಲಿತೆ ಎಂದು ಈಗ ಅನಿಸುತ್ತದೆ.

1981ರಲ್ಲಿ ಇಂಜಿನಿಯರಿಂಗ್ ಓದಲು ಬೆಂಗಳೂರಿಗೆ ಬಂದೆ. ಕಾಲೇಜಿನ ನಾಟಕಕ್ಕೆ ಆಯ್ಕೆ ನಡೆಯುತ್ತಿತ್ತು. ನನಗೆ ಕೊಟ್ಟದ್ದು ಒಂದೇ ಸಾಲು – ಬಾಗಿಲು ತೆರೆದು “ಅಪ್ಪ ಮನೆಯಲ್ಲಿ ಇಲ್ಲ” ಎನ್ನಬೇಕು. ಗಾಬರಿಯಲ್ಲಿ ನನ್ನ ಬಾಯಿಂದ ಬಂದದ್ದು, “ಅಪ್ಪ ಮನೆಯಲ್ಲಿ ಇಲ್ಲೆ.”

ನಮ್ಮ ಕಡೆಯವರಿಗೆ ಇದರಲ್ಲಿ ನಗುವುದಕ್ಕೆ ಏನೂ ಇಲ್ಲ. ಹವ್ಯಕರಲ್ಲಿ ‘ಇಲ್ಲೆ’ ಅಂದರೆ ಇಲ್ಲ. ಬೆಂಗಳೂರಿನವರ ಕಿವಿಗೆ ಅದು ‘ಇಲ್ಲೇ ಇದ್ದಾನೆ’! ನಿರ್ದೇಶನ ಮಾಡುತ್ತಿದ್ದ ಸೀನಿಯರ್ “ಇದಾರೋ ಇಲ್ವೋ, ಒಂದು ತೀರ್ಮಾನಕ್ಕೆ ಬಾರಪ್ಪ” ಎಂದ. ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಇನ್ನೊಂದು ಅವಕಾಶ ಕೊಟ್ಟರು. ಆ ಹೊತ್ತಿಗೆ ನನ್ನ ಇಡೀ ಲಕ್ಷ್ಯ ಒಂದು ‘ಎ’ಕಾರದ ಮೇಲೆ ಇತ್ತು, ಉಳಿದ ಶಬ್ದಗಳೆಲ್ಲ ರಾಗ ಎಳೆದುಕೊಂಡು ಬಂದವು. ನನಗೆ ಪರದೆ ಎಳೆಯುವ ಕೆಲಸ ಸಿಕ್ಕಿತು. ಆ ವರ್ಷ ಹಾಸ್ಟೆಲಿನಲ್ಲಿ ನನ್ನ ಹೆಸರು ‘ಇಲ್ಲೆ’.

ಅವತ್ತಿನಿಂದ ನನ್ನ ನಿಜವಾದ ನಟನಾ ತರಬೇತಿ ಶುರುವಾಯಿತು. ಆಕಾಶವಾಣಿಯ ವಾರ್ತೆ ಕೇಳಿ ಅದೇ ಧಾಟಿಯಲ್ಲಿ ಕೋಣೆಯಲ್ಲಿ ಗಟ್ಟಿಯಾಗಿ ಹೇಳುವುದು, ಸಿಟಿ ಬಸ್ಸಿನಲ್ಲಿ ಹಿಂದೆ ಕೂತವರ ಮಾತಿಗೆ ಕಿವಿ ಕೊಡುವುದು. ಎರಡು ವರ್ಷದಲ್ಲಿ ನನ್ನನ್ನು ಬಸವನಗುಡಿಯವನೇ ಎಂದು ಕೇಳುವಂತಾದೆ. ಈ ಪಾತ್ರಕ್ಕೆ ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಆದರೆ ನಾನು ಜೀವನದಲ್ಲಿ ಮಾಡಿದ ಅತ್ಯುತ್ತಮ ಪಾತ್ರ ಅದೇ ಇರಬೇಕು. ಮುಂದೆ ಅಮೆರಿಕದಲ್ಲಿ ಆಫೀಸಿನವರು ನನ್ನ ಹೆಸರನ್ನು ಎರಡು ಅಕ್ಷರಕ್ಕೆ ಇಳಿಸಿದಾಗ, ವಾಯ್ಸ್‌ಮೇಲಿನಲ್ಲಿ ನನ್ನ ದನಿ ನನಗೇ ಗುರುತು ಸಿಗದಂತೆ ಆದಾಗ, ನನಗೆ ಕಷ್ಟವಾಗಲಿಲ್ಲ. ಅಭ್ಯಾಸ ಇತ್ತಲ್ಲ!

ಅದೇ ದಿನಗಳಲ್ಲಿ ಸಿ.ಆರ್. ಸಿಂಹ ಅವರನ್ನು ರಂಗದ ಮೇಲೆ ನೋಡಿದೆ. ‘ತುಘಲಕ್’ನ ಸಿಂಹ ಎಂದು ಆಗಲೇ ಹೆಸರು. ನನ್ನನ್ನು ಹಿಡಿದದ್ದು ಮಾತ್ರ 1983ರಲ್ಲಿ ಅವರೇ ಬರೆದು ಒಬ್ಬರೇ ಆಡುತ್ತಿದ್ದ ‘ಟಿಪಿಕಲ್ ಟಿ.ಪಿ. ಕೈಲಾಸಂ’. ಇಡೀ ರಂಗಕ್ಕೆ ಒಬ್ಬನೇ ಮನುಷ್ಯ. ಮನೆಮಾತು ತಮಿಳು, ಓದಿದ್ದು ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರ, ಬರೆದದ್ದು ಅರ್ಧ ಇಂಗ್ಲಿಷ್ ಬೆರೆತ ಮನೆಗನ್ನಡದ ನಾಟಕ – ಅಂಥ ಕೈಲಾಸಂ ಆಗಿ ಸಿಂಹ ಮಾತನಾಡುತ್ತಿದ್ದರೆ ಆ ಕಲಬೆರಕೆಗೆ ಒಂದು ಚೂರೂ ನಾಚಿಕೆ ಇರಲಿಲ್ಲ. ಯಕ್ಷಗಾನಕ್ಕೆ ಪೂರಾ ತಿರುಗುಮುರುಗು: ಮನೆಯಲ್ಲಿ ಆಡುವ ಮಾತನ್ನೇ ತಂದು ದೀಪದ ಕೆಳಗೆ ನಿಲ್ಲಿಸಿದ್ದರು. ನಾನು ಚಪ್ಪಾಳೆ ಹೊಡೆದೆ, ಹಾಸ್ಟೆಲ್‌ಗೆ ಹೋಗಿ ಮತ್ತೆ ವಾರ್ತೆಯ ಕನ್ನಡ ಅಭ್ಯಾಸ ಮಾಡಿದೆ. ಬುದ್ಧಿ ನೋಡಿ!

ಈಗ ಗಿರೀಶ ಕಾರ್ನಾಡರ ವಿಷಯ. ಅವರನ್ನು ಶಿಕಾಗೋದವರಾದ ನಾವು ಸ್ವಲ್ಪ ನಮ್ಮವರೆಂದು ಹೇಳಿಕೊಳ್ಳಬಹುದು. ಶಿರಸಿಯವನಾದ ನಾನು ಇನ್ನೂ ಸ್ವಲ್ಪ ಜಾಸ್ತಿಯೇ ಹೇಳಿಕೊಳ್ಳುತ್ತೇನೆ. 1938ರಲ್ಲಿ ಮಾಥೇರಾನಿನಲ್ಲಿ ಹುಟ್ಟಿದ ಕೊಂಕಣಿ ಮನೆಮಾತಿನ ಹುಡುಗ, ತಂದೆ ಡಾಕ್ಟರು. ಬಾಲ್ಯ ಶಿರಸಿಯಲ್ಲಿ, ಯಕ್ಷಗಾನ ಮತ್ತು ಕಂಪನಿ ನಾಟಕಗಳ ಸಹವಾಸದಲ್ಲಿ. ಆಮೇಲೆ ಧಾರವಾಡ, ಗಣಿತ. ಆಮೇಲೆ ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡ್. ಹದಿಹರೆಯದಲ್ಲಿ ದೊಡ್ಡವರ ಚಿತ್ರ ಬರೆದು ಕಳಿಸಿ ಅವರ ಸಹಿ ತರಿಸಿಕೊಳ್ಳುವ ಹುಚ್ಚು ಇತ್ತಂತೆ. ಐರಿಷ್ ನಾಟಕಕಾರ ಷಾನ್ ಓ’ಕೇಸಿ ಮಾತ್ರ, ಬೇರೆಯವರ ಸಹಿ ಕೂಡಿಸುತ್ತ ಕಾಲ ಕಳೆಯಬೇಡ, ನಿನ್ನ ಸಹಿಯನ್ನೇ ಜನ ಕೇಳುವಂಥದ್ದೇನಾದರೂ ಮಾಡು ಎಂಬರ್ಥದ ಉತ್ತರ ಬರೆದ. ಇಂಗ್ಲಿಷ್ ಕವಿಯಾಗಬೇಕೆಂದಿದ್ದ ತರುಣ, ವಿದೇಶಕ್ಕೆ ಹೊರಡುವ ಹೊತ್ತಿನಲ್ಲಿ ಬರೆಯಲು ಕೂತಾಗ ಬಂದದ್ದು ಕನ್ನಡ ನಾಟಕ: ‘ಯಯಾತಿ’, 1961ರಲ್ಲಿ ಅಚ್ಚಾಯಿತು. ತನಗೇ ಆಶ್ಚರ್ಯವಾಯಿತೆಂದು ಅವರು ಮುಂದೆ ಹೇಳಿಕೊಂಡಿದ್ದಾರೆ.

ನಟನಾಗಿ ಅವರು ನನಗೆ ಇಷ್ಟವಾಗುವುದು 1970ರ ‘ಸಂಸ್ಕಾರ’ದ ಪ್ರಾಣೇಶಾಚಾರ್ಯನಲ್ಲಿ. ಮಾತು ಕಡಿಮೆ, ನಡಿಗೆ ಜಾಸ್ತಿ. ಮಾಧ್ವ ಅಗ್ರಹಾರದ ಪಂಡಿತನ ಪಾತ್ರ ಕೊಂಕಣಿ ಮನೆಯ ಕಾರ್ನಾಡರದು, ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗು ಕವಿ, ಕ್ಯಾಮೆರಾ ಹಿಡಿದವನು ಟಾಮ್ ಕೋವನ್ ಎಂಬ ಆಸ್ಟ್ರೇಲಿಯಾದವನು. ಕನ್ನಡಕ್ಕೆ ಮೊದಲ ಸ್ವರ್ಣ ಕಮಲ ಬಂದದ್ದು ಈ ಚಿತ್ರಕ್ಕೆ! ‘ಇವರ ಕನ್ನಡ ಸರಿಯೇ’ ಎಂದು ಯಾರಾದರೂ ಮೊದಲೇ ಪರೀಕ್ಷೆ ಇಟ್ಟಿದ್ದರೆ ಏನಾಗುತ್ತಿತ್ತೋ. ಹೊನ್ನಾವರದ ಕಡೆಯ ನಮ್ಮ ಶಂಕರನಾಗ್ ಕೂಡ ಮುಂಬಯಿಯ ಮರಾಠಿ ರಂಗಭೂಮಿಯಿಂದ ಬಂದವರು, ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಚಿತ್ರದಿಂದ ಕನ್ನಡಕ್ಕೆ ಸಿಕ್ಕವರು. ಸಿನಿಮಾದಲ್ಲಿ ನಟಿಸುವುದು ಹೊಟ್ಟೆಪಾಡಿಗೆ, ನಾಟಕ ಬರೆಯುವುದು ಪ್ರೀತಿಗೆ ಎಂಬ ವಿಷಯದಲ್ಲಿ ಕಾರ್ನಾಡರು ಮುಚ್ಚುಮರೆ ಮಾಡುತ್ತಿರಲಿಲ್ಲ. ನಮ್ಮಲ್ಲಿ ಉಲ್ಟಾ. ಹೊಟ್ಟೆಪಾಡಿಗೆ ಕಂಪ್ಯೂಟರ್, ಪ್ರೀತಿಗೆ ನಟನೆ. ಹಾಗಾಗಿ ನಟನೆ ಹೇಗಿದ್ದರೂ ನಡೆಯುತ್ತದೆ ಅಂದುಕೊಂಡಿರುತ್ತೇವೆ.

1987-88ರಲ್ಲಿ ಕಾರ್ನಾಡರು ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ‘ನಾಗಮಂಡಲ’ ಬರೆದದ್ದು ಆ ವರ್ಷ, ಇಲ್ಲೇ. (ಇದು ಬೆಂಗಳೂರಿನ ‘ಇಲ್ಲೇ’!) ಅದರ ಮೂಲದಲ್ಲಿರುವ ಎರಡು ಜನಪದ ಕತೆಗಳನ್ನು ಅವರಿಗೆ ಹೇಳಿದ್ದು ಎ.ಕೆ. ರಾಮಾನುಜನ್ – ಮೈಸೂರಿನಲ್ಲಿ ಹುಟ್ಟಿದ ತಮಿಳು ಮನೆಮಾತಿನ ಕನ್ನಡ ಕವಿ, 1960ರ ದಶಕದ ಆರಂಭದಿಂದ 1993ರಲ್ಲಿ ತೀರಿಕೊಳ್ಳುವವರೆಗೂ ಅದೇ ವಿಶ್ವವಿದ್ಯಾನಿಲಯದಲ್ಲಿ ಇದ್ದವರು. 1993ರಲ್ಲೇ ಮಿನಿಯಾಪೊಲಿಸ್‌ನ ಗಥ್ರೀ ಥಿಯೇಟರ್ ತನ್ನ ಮೂವತ್ತನೆಯ ವರ್ಷದ ಸಂಭ್ರಮದಲ್ಲಿ ‘ನಾಗಮಂಡಲ’ವನ್ನು ಇಂಗ್ಲಿಷಿನಲ್ಲಿ ಆಡಿಸಿತು. ನಾವು ಶಿಕಾಗೋಗೆ ಬಂದ ಹೊಸದರಲ್ಲಿ ಒಂದು ಭಾನುವಾರ ಹೈಡ್ ಪಾರ್ಕಿಗೆ ಹೋಗಿ, ಐವತ್ತೊಂಬತ್ತನೆಯ ರಸ್ತೆಯ ಬೂದು ಕಲ್ಲಿನ ಕಟ್ಟಡಗಳ ಮುಂದೆ ಸುಮ್ಮನೆ ಅಡ್ಡಾಡಿ ಬಂದೆವು. ಚಳಿ ಎಷ್ಟಿತ್ತೆಂದರೆ ನನ್ನವಳು “ಇಲ್ಲಿ ಕೂತು ಹಾವಿನ ಕತೆ ಹೇಗೆ ಬರೆದ್ರು ಅಂತೀನಿ” ಎಂದಳು.

ನಾಟಕದ ಶುರುವಿನ ಭಾಗ ನಮ್ಮ ಕೂಟದ ಕಲಾವಿದರಿಗೆ ಹೇಳಿ ಮಾಡಿಸಿದಂತಿದೆ. ಒಬ್ಬ ನಾಟಕಕಾರ ತನ್ನ ನಾಟಕಗಳಿಂದ ಜನರನ್ನು ಎಷ್ಟು ನಿದ್ದೆ ಮಾಡಿಸಿದ್ದಾನೆಂದರೆ, ಈಗ ಅವನು ಒಂದು ಇಡೀ ರಾತ್ರಿ ಎಚ್ಚರವಾಗಿರದಿದ್ದರೆ ಸತ್ತೇ ಹೋಗುತ್ತಾನೆ! ಹಾಳು ಗುಡಿಯಲ್ಲಿ ಅವನು ಕೂತಿದ್ದಾಗ ಊರಿನ ಮನೆಗಳಲ್ಲಿ ಆರಿಸಿದ ದೀಪಗಳ ಜ್ವಾಲೆಗಳೆಲ್ಲ ಅಲ್ಲಿಗೆ ಬಂದು ಹರಟೆ ಹೊಡೆಯುತ್ತವೆ. ಇದಕ್ಕೆ ಮೂಲವಾದ ಜನಪದ ಕತೆ ಇನ್ನೂ ಚಿಕ್ಕದು. ಒಬ್ಬ ಹೆಂಗಸಿಗೆ ಒಂದು ಕತೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಒಳಗೇ ಉಸಿರುಕಟ್ಟಿದ ಅವು, ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಗೆ ಬಿದ್ದು, ಒಂದು ಗಂಡಸಿನ ಜೋಡಾಗಿ ಬಾಗಿಲ ಹೊರಗೆ ಕೂತಿತು, ಇನ್ನೊಂದು ಕೋಟಾಗಿ ಗೂಟಕ್ಕೆ ನೇತುಬಿತ್ತು. ಗಂಡ ಬಂದು ನೋಡುತ್ತಾನೆ: ಯಾರು ಬಂದಿದ್ದಾರೆ? ಯಾರೂ ಇಲ್ಲ ಎನ್ನುತ್ತಾಳೆ. ಜಗಳ. ಅವನು ಸಿಟ್ಟಿನಿಂದ ಹೋಗಿ ಗುಡಿಯಲ್ಲಿ ಮಲಗುತ್ತಾನೆ. ಅಲ್ಲಿ ತಡವಾಗಿ ಬಂದ ತನ್ನ ಮನೆಯ ದೀಪವೇ ಉಳಿದ ದೀಪಗಳಿಗೆ ನಿಜ ಸಂಗತಿ ಹೇಳುವುದನ್ನು ಕೇಳಿಸಿಕೊಳ್ಳುತ್ತಾನೆ. ಬೆಳಿಗ್ಗೆ ಓಡಿ ಬಂದು ಆ ಕತೆ ಯಾವುದು, ಆ ಹಾಡು ಯಾವುದು ಎಂದು ಕೇಳುತ್ತಾನೆ. ಅವಳಿಗೆ ಎರಡೂ ಮರೆತೇ ಹೋಗಿವೆ.

2008ರಲ್ಲಿ ನಾವು ಇನ್ನೂ ಡೆಟ್ರಾಯ್ಟ್ ಹತ್ತಿರ ಕ್ಯಾಂಟನ್ನಿನಲ್ಲಿದ್ದೆವು. ಆ ವರ್ಷ ಬೇಸಿಗೆಯ ಕೊನೆಗೆ ಶಿಕಾಗೋದ ಅಕ್ಕ ಸಮ್ಮೇಳನಕ್ಕೆ ಹೋಗಿ ಬಂದ ಹುರುಪಿನಲ್ಲಿ, ರಾಜ್ಯೋತ್ಸವಕ್ಕೆ ಈ ಜನಪದ ಕತೆಯನ್ನು ನಾನೇ ನಾಟಕ ಮಾಡಿದೆ. ಕತೆ, ಹಾಡು, ದೀಪಗಳು ಎಲ್ಲ ಪಾತ್ರಗಳು. ಹದಿನೈದು ವರ್ಷದ ನನ್ನ ಮಗಳು ‘ಕತೆ’ಯ ಪಾತ್ರ ತಾನು ಮಾಡುತ್ತೇನೆಂದು ತಾನಾಗಿ ಮುಂದೆ ಬಂದಳು. ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಂಡು, ಶಾಲೆಯ ಬಸ್ಸಿನಲ್ಲಿ ಕೂತು ಉರುಹೊಡೆದಳು. ಮುಖದಲ್ಲಿ ಭಾವ ಚೆನ್ನಾಗಿ ಬರುತ್ತಿತ್ತು, ನಿಲುವು ಸಹ. ತೊಡಕು ಒಂದೇ. ‘ಕತೆ’ ಮತ್ತೆ ಮತ್ತೆ ಆ ಹೆಂಗಸನ್ನು “ನನ್ನನ್ನು ಯಾರಿಗಾದರೂ ಹೇಳು, ಹೇಳು” ಎಂದು ಬೇಡಿಕೊಳ್ಳಬೇಕು. ನಮ್ಮ ಇಲ್ಲಿಯ ಮಕ್ಕಳ ನಾಲಿಗೆಗೆ ‘ಳ’ ಹೊರಳುವುದಿಲ್ಲ. ‘ಹಳ್ಳಿ’ ‘ಹಲ್ಲಿ’ಯಾಗುತ್ತದೆ, ‘ಬೆಳಕು’ ‘ಬೆಲಕು’ ಆಗುತ್ತದೆ, ಅದೆಲ್ಲ ನಡೆಯುತ್ತದೆ. ‘ಹೇಳು’ ಏನಾಗುತ್ತದೆಂದು ಹಬ್ಬದ ಸಂಚಿಕೆಯಲ್ಲಿ ಬರೆಯಲಾರೆ, ‘ಳ’ ತೆಗೆದು ‘ಲ’ ಹಾಕಿ ನೀವೇ ಓದಿಕೊಳ್ಳಿ.

ನಾಟಕಕ್ಕೆ ಎರಡು ವಾರ ಇತ್ತು. ನಮ್ಮ ಬೇಸ್‌ಮೆಂಟಿನಲ್ಲಿ ಟ್ರೆಡ್‌ಮಿಲ್ ಪಕ್ಕಕ್ಕೆ ಸರಿಸಿ ರಿಹರ್ಸಲ್. ಅವಳು ಕೈಮುಗಿದು ಆ ಸಾಲು ಹೇಳಿದಳು. ಯಾರೋ ಒಬ್ಬರಿಗೆ ನಗು ತಡೆಯಲಾಗಲಿಲ್ಲ. ಒಬ್ಬರು ನಕ್ಕ ಮೇಲೆ ಮುಗಿಯಿತು, ಎಲ್ಲರೂ ನಕ್ಕರು. ಯಾರಲ್ಲೂ ಕೆಟ್ಟ ಮನಸ್ಸಿರಲಿಲ್ಲ. ನಾನೂ ನಕ್ಕೆ. ಅದನ್ನು ಇಲ್ಲಿ ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ನಾನೂ ನಕ್ಕೆ.

ಆ ದಿನಗಳು ಬೇರೆ ನಿಮಗೆ ನೆನಪಿರಬಹುದು. ಡೆಟ್ರಾಯ್ಟಿನಲ್ಲಿ ಪ್ರತಿ ಶುಕ್ರವಾರ ಯಾರಾದರೊಬ್ಬರು ರಟ್ಟಿನ ಡಬ್ಬ ಹಿಡಿದು ಆಫೀಸಿನಿಂದ ಹೊರಗೆ ಬರುತ್ತಿದ್ದರು. ನನ್ನ ಸರದಿ ಯಾವಾಗ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ನಾಟಕವಾದರೂ ನೆಟ್ಟಗಾಗಲಿ ಎಂಬ ಹಟ ಹುಟ್ಟಿತ್ತು. ಇದು ಕಾರಣ ಅಷ್ಟೇ, ಸಮರ್ಥನೆ ಅಲ್ಲ. ಮರುದಿನ, ಆಗತಾನೇ ಬೆಂಗಳೂರಿನಿಂದ ಬಂದಿದ್ದ ಗೆಳೆಯರೊಬ್ಬರ ಪತ್ನಿಗೆ ‘ಕತೆ’ಯ ಪಾತ್ರ ಕೊಟ್ಟೆ. ಮಗಳಿಗೆ “ನೀನು ದೀಪ ಆಗು ಪುಟ್ಟಿ, ಲೈಟಿಂಗ್ ಎಲ್ಲ ನಿನ್ನ ಮೇಲೇ ಇರತ್ತೆ” ಎಂದೆ. ದೀಪಕ್ಕೆ ಮಾತಿಲ್ಲ. ಅವಳು “ಓಕೆ” ಎಂದಳು. ಜಗಳವಾಡಲಿಲ್ಲ, ಅಳಲಿಲ್ಲ. ನಾಟಕದ ದಿನ ಹಳದಿ ಸೀರೆ ಸುತ್ತಿಕೊಂಡು, ಕೈಯಲ್ಲಿ ಬ್ಯಾಟರಿ ದೀಪ ಹಿಡಿದು ಇಪ್ಪತ್ತೆಂಟು ನಿಮಿಷ ನಿಂತಳು. ಒಂದು ಸಲವೂ ಅಲುಗಲಿಲ್ಲ. ನಾಟಕಕ್ಕೆ ಎದ್ದು ನಿಂತು ಚಪ್ಪಾಳೆ ಹೊಡೆದರು. ನನಗೊಂದು ಫಲಕವೂ ಬಂತು, ಶಿಕಾಗೋಗೆ ಬರುವಾಗ ಅದು ಎಲ್ಲೋ ತಪ್ಪಿಹೋಯಿತು.

ಅವಳು ಮನೆಯಲ್ಲಿ ಕನ್ನಡ ಬಿಟ್ಟದ್ದು ಯಾವ ದಿನ ಎಂದು ನನಗೆ ಸರಿಯಾಗಿ ಗೊತ್ತಿಲ್ಲ. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಎಲ್ಲರ ಮನೆಯಲ್ಲೂ ಹೀಗೇ ಅಲ್ಲವೇ, ಹೈಸ್ಕೂಲ್ ವಯಸ್ಸು ಎಂದುಕೊಂಡೆವು. 2009ರಲ್ಲಿ ನನ್ನ ಕೆಲಸ ಹೋಯಿತು, ಇಲ್ಲಿ ಇನ್ನೊಂದು ಸಿಕ್ಕಿತು, ನೇಪರ್‌ವಿಲ್‌ಗೆ ಬಂದೆವು. ಓದುವುದಕ್ಕೆ ಅವಳು ಮಿಷಿಗನ್‌ಗೇ ವಾಪಸ್ ಹೋದಳು, ಕೆಲಸವನ್ನೂ ಅಲ್ಲೇ ಹಿಡಿದಳು. ಏನು ಕೆಲಸ ಗೊತ್ತೇ? ಸ್ಪೀಚ್ ಥೆರಪಿಸ್ಟ್. ಮಾತು ತೊದಲುವ, ಅಕ್ಷರ ಹೊರಳದ ಮಕ್ಕಳಿಗೆ ಮಾತು ಕಲಿಸುವುದು. “ಒಳ್ಳೆ ಫೀಲ್ಡು” ಎಂದು ನಾನು ಗೆಳೆಯರ ಹತ್ತಿರ ಹೇಳಿಕೊಂಡು ತಿರುಗಿದೆ. ಅದಕ್ಕೂ ಬೇಸ್‌ಮೆಂಟಿಗೂ ಏನಾದರೂ ನೆಂಟು ಇರಬಹುದೆಂದು ತಲೆಗೆ ಹೊಳೆಯಲಿಲ್ಲ.

2019ರ ಜೂನ್ 10, ಸೋಮವಾರ, ಕಾರ್ನಾಡರು ಬೆಂಗಳೂರಿನಲ್ಲಿ ತೀರಿಕೊಂಡರು. ತಮ್ಮ ಇಚ್ಛೆಯಂತೆ ಯಾವ ವಿಧಿವಿಧಾನ, ಸರಕಾರಿ ಗೌರವ ಇಲ್ಲದೆ ಹೋದರು. ಆ ಸಂಜೆ ಮಗಳ ಫೋನ್ ಬಂತು. “ಅಪ್ಪ, ನಮ್ಮ ದೀಪದ ಡ್ರಾಮಾ ಇತ್ತಲ್ಲ, ಆ ಕತೆಯಿಂದ ಪ್ಲೇ ಬರೆದವರು ಇವರೇನಾ?” ಎಂದು ಕೇಳಿದಳು. ಕನ್ನಡದಲ್ಲಿ. ನಾನು ಹೌದೆಂದು ಹೇಳಿ, ರಾಮಾನುಜನ್, ಹೈಡ್ ಪಾರ್ಕ್ ಎಂದೆಲ್ಲ ಉಪನ್ಯಾಸ ಶುರು ಮಾಡಿದೆ. ಅವಳು ಸ್ವಲ್ಪ ಹೊತ್ತು ಕೇಳಿಸಿಕೊಂಡು, ತನ್ನ ಓದಿನಲ್ಲಿ ಬಂದ ಒಂದು ಪ್ರಯೋಗದ ವಿಷಯ ಹೇಳಿದಳು. ಇಂಗ್ಲಿಷ್ ಮನೆಗಳಲ್ಲಿ ಹುಟ್ಟಿದ ಕೂಸುಗಳು ಆರೆಂಟು ತಿಂಗಳವರೆಗೆ ನಮ್ಮ ‘ತ’ಕ್ಕೂ ‘ಟ’ಕ್ಕೂ ಇರುವ ವ್ಯತ್ಯಾಸವನ್ನು ಚೆನ್ನಾಗಿ ಹಿಡಿಯುತ್ತವಂತೆ. ವರ್ಷ ತುಂಬುವ ಹೊತ್ತಿಗೆ, ಸುತ್ತ ಆ ಮಾತು ಕೇಳದಿದ್ದರೆ, ಕಿವಿ ಅದನ್ನು ಬಿಟ್ಟುಬಿಡುತ್ತದೆ. “ಬಟ್ ಅಪ್ಪ, ನಮ್ಮನೇಲಿ ಕನ್ನಡ ಇತ್ತಲ್ಲ. ಸೋ ನನ್ನ ಕಿವಿ ಸರಿ ಇತ್ತು. ನಾಲಿಗೆ ಬರ್ತಿರ್ಲಿಲ್ಲ ಅಷ್ಟೇ. ನಾನು ತಪ್ಪು ಹೇಳ್ತಿದೀನಿ ಅಂತ ನಂಗೇ ಕೇಳಿಸ್ತಿತ್ತು. ಎಲ್ರೂ ಯಾಕೆ ನಗ್ತಿದಾರೆ ಅಂತಾನೂ ಗೊತ್ತಿತ್ತು.”

‘ಕೇಳಿಸ್ತಿತ್ತು’ ಎನ್ನುವಾಗ ಆ ‘ಳ’ ಎಷ್ಟು ದುಂಡಗೆ ಬಂತೆಂದರೆ, ನಾನು ಮೊದಲು ಗಮನಿಸಿದ್ದು ಅದನ್ನೇ. ಅವಳು ಹೇಳಿದ್ದು ಆಮೇಲೆ ತಲೆಗೆ ಹೋಯಿತು. ಕನ್ನಡಿಯ ಮುಂದೆ ನಿಂತು, ನಾಲಿಗೆಯ ತುದಿ ಹಿಂದಕ್ಕೆ ಮಡಿಸಿ ಅಂಗುಳಕ್ಕೆ ಮುಟ್ಟಿಸುವುದನ್ನು ಕಾಲೇಜಿನಲ್ಲಿ ತಾನೇ ಕಲಿತಳಂತೆ. ಒಂದು ಸೆಮಿಸ್ಟರ್ ಹಿಡಿಯಿತಂತೆ. ನನಗೆ ಹಾಸ್ಟೆಲಿನ ಕೋಣೆ, ವಾರ್ತೆಯ ರೇಡಿಯೋ ನೆನಪಾಯಿತು. “ನನಗೂ ಹಿಂಗೇ ಆಗಿತ್ತು” ಎಂದು ‘ಇಲ್ಲೆ’ಯ ಕತೆ ಹೇಳಿದೆ. ಇಷ್ಟು ವರ್ಷ ಅವಳಿಗೆ ಅದನ್ನು ಹೇಳಿರಲೇ ಇಲ್ಲ. ಹೇಳಿದರೆ ನಗುತ್ತಾಳೆಂದುಕೊಂಡಿದ್ದೆ. ಅವಳು ನಗಲಿಲ್ಲ. “ಮತ್ತೆ ನೀನ್ಯಾಕೆ ಹಂಗೆ ಮಾಡಿದೆ?” ಎಂದು ಕೇಳಿದಳು.

ಓದುಗರೇ, ಅನೇಕ ನಾಟಕಗಳಲ್ಲಿ ನಾನು ಮಾತು ಮರೆತಿದ್ದೇನೆ. ಪ್ರಾಂಪ್ಟರ್ ಕೂಗಿದ್ದನ್ನು ಹಿಡಿದು ದಾಟಿದ್ದೇನೆ. ಅವತ್ತು ಆ ಕಡೆಯಿಂದಲೂ ಯಾರೂ ಕೂಗಲಿಲ್ಲ. ಕಡೆಗೆ “ತಪ್ಪಾಯ್ತು ಪುಟ್ಟಿ” ಎಂದೆ. ಅವಳು ಮತ್ತೆ “ಓಕೆ” ಎಂದಳು, ಈ ಸಲದ ‘ಓಕೆ’ ಬೇರೆಯದು ಅನಿಸಿತು. ಬೇರೆ ಇರಲಿಕ್ಕಿಲ್ಲ, ನನಗೆ ಹಾಗೆ ಬೇಕಿತ್ತು.

ಕಾರ್ನಾಡರ ‘ಒಡಕಲು ಬಿಂಬ’ವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು, ಅರುಂಧತಿ ನಾಗ್ ಒಬ್ಬರೇ ರಂಗದ ಮೇಲೆ ಇರುವ ನಾಟಕ. ಕನ್ನಡದ ಲೇಖಕಿ ಇಂಗ್ಲಿಷ್ ಕಾದಂಬರಿಯಿಂದ ಹೆಸರು ಮಾಡಿದ್ದಾಳೆ. ಟೀವಿ ಸ್ಟುಡಿಯೋದಲ್ಲಿ ಅವಳದೇ ಬಿಂಬ ಪರದೆಯ ಮೇಲೆ ಉಳಿದುಕೊಂಡು ಅವಳನ್ನು ಪ್ರಶ್ನೆ ಕೇಳತೊಡಗುತ್ತದೆ. ನಟಿಗೆ ಎದುರಿಗೆ ಇನ್ನೊಬ್ಬರಿಲ್ಲ, ಮೊದಲೇ ಚಿತ್ರೀಕರಿಸಿದ ತನ್ನದೇ 
ಮುಖಕ್ಕೆ ಕ್ಷಣ ತಪ್ಪದೆ ಉತ್ತರ ಕೊಡಬೇಕು. ನಟನೆಯ ದೃಷ್ಟಿಯಿಂದ ಎಷ್ಟು ಕಷ್ಟದ್ದೆಂದು ಹಿಂದೊಮ್ಮೆ ಈ ಅಂಕಣದಲ್ಲೇ ಬರೆದಿದ್ದೆ. ಮಗಳ ಜೊತೆ ಮಾತಾಡಿದ ಮೇಲೆ ಅದನ್ನು ಬರೀ ತಂತ್ರದ ವಿಷಯವಾಗಿ ಬರೆದದ್ದಕ್ಕೆ ನಾಚಿಕೆಯಾಯಿತು.

ಸರಿ, ಈಗಿನ ವಿಷಯಕ್ಕೆ ಬರುತ್ತೇನೆ. ಮಗಳು ಈಗ ನೋವಾಯ್‌ನಲ್ಲಿದ್ದಾಳೆ. ಅಲ್ಲಿಯ ಕನ್ನಡ ಕಲಿಯುವ ಮಕ್ಕಳನ್ನು ಸೇರಿಸಿ ಈ ರಾಜ್ಯೋತ್ಸವಕ್ಕೆ ಅದೇ ಕತೆ ಆಡಿಸುತ್ತಿದ್ದಾಳೆ. ನಿರ್ದೇಶನ ಅವಳದು. ‘ಕತೆ’ಯ ಪಾತ್ರ ಎಂಟು ವರ್ಷದ ಹುಡುಗಿಯದು, ಆ ಸಾಲನ್ನೂ ಬದಲಿಸಿಲ್ಲ. ಹುಡುಗಿಗೆ ‘ಳ’ ಬರುತ್ತದೋ ಎಂದು ಕೇಳಿದೆ. “ಅರ್ಧ ಬರತ್ತೆ. ಬರದಿದ್ರೆ ಅವತ್ತು ಜನ ಅರ್ಧ ನಗ್ತಾರೆ, ಅದಕ್ಕೂ ಪ್ರಾಕ್ಟೀಸ್ ಮಾಡಿಸಿದೀನಿ” ಎಂದಳು. ನಕ್ಕರೆ ನಿಲ್ಲಿಸಿ, ನಕ್ಕವರ ಕಡೆ ತಿರುಗಿ, ಇನ್ನೊಮ್ಮೆ ಅದೇ ಸಾಲು ಹೇಳಬೇಕಂತೆ. ಇಷ್ಟು ವರ್ಷ ನಾಟಕ ಮಾಡಿದ ನನಗೆ ಇದು ಹೊಳೆದಿರಲಿಲ್ಲ.

ನನಗೂ ಒಂದು ಪಾತ್ರ ಇದೆ: ತಡವಾಗಿ ಬರುವ ಹಳೇ ಮನೆಯ ದೀಪ. ಈ ಸಲ ದೀಪಕ್ಕೆ ಮಾತಿದೆ. “ಅಜ್ಜಿ ಮಾತಾಡೋ ಥರ ಹೇಳ್ಬೇಕು ಅಪ್ಪ, ನಿನ್ನ ಸ್ಟೇಜ್ ವಾಯ್ಸ್ ಬೇಡ” ಎಂಬುದು ನಿರ್ದೇಶಕರ ಅಪ್ಪಣೆ. ಇದರಷ್ಟು ಸುಲಭ ಇನ್ನೇನಿದೆ, ಹುಟ್ಟಿದಾಗಿನ ಭಾಷೆ ಎಂದುಕೊಂಡೆ. ಬೇಸ್‌ಮೆಂಟಿನಲ್ಲಿ ನಿಂತು “ಮನೇಲಿ ಯಾರೂ ಇಲ್ಲೆ, ಅದಕ್ಕೇ ತಡ ಆಯ್ತು” ಎಂದು ಹೇಳಿ ನೋಡಿದೆ. ನಾಟಕದಲ್ಲಿ ಹಳ್ಳಿಯಿಂದ ಬಂದ ಚಿಕ್ಕಪ್ಪ ಮಾತಾಡಿದ ಹಾಗಿತ್ತು. ಇನ್ನೊಂದು ಸಲ ಹೇಳಿದೆ, ಅದೇ ಚಿಕ್ಕಪ್ಪ.

ಕಡೆಗೆ ಊರಿಗೆ ಫೋನ್ ಮಾಡಿದೆ. ಆಯಿಗೆ ಎಂಬತ್ನಾಲ್ಕು, ಕಿವಿ ಚೂರು ಮಂದ. ನಾಟಕ ಎಂದೆಲ್ಲ ವಿವರಿಸಲು ಹೋಗದೆ ಆ ಸಾಲನ್ನು ಹೇಳಿ, ಹೇಗಿದೆ ಎಂದು ಕೇಳಿದೆ. ಆ ಕಡೆಯಿಂದ ನಗು. “ಎಂತದಾ ಮಾಣಿ, ಬೆಂಗ್ಳೂರವ್ರ ಹಾಂಗೆ ಮಾತಾಡ್ತ್ಯಲಾ! ‘ಆತು’ ಹೇಳಿ ಹೇಳು.” ಹೇಳಿದೆ. “ಇನ್ನೊಂದ್ಸಲ ಹೇಳು.” ಹೇಳಿದೆ. ಹೀಗೆ ಎಂಟು ಹತ್ತು ನಿಮಿಷ. ಆಮೇಲೆ, ಮನೆಯಲ್ಲಿ ಯಾರೂ ಇಲ್ಲೆ ಅಂತ ಮತ್ತೆ ಮತ್ತೆ ಏಕೆ ಹೇಳುತ್ತಿದ್ದೀ, ಹೆಂಡತಿ ಎಲ್ಲಿಗೆ ಹೋದಳು ಎಂದು ಆಯಿಗೆ ಗಾಬರಿಯಾಗಿ, ನನ್ನವಳನ್ನು ಕರೆದು ಫೋನ್ ಕೊಡಬೇಕಾಯಿತು.

ಬರುವ ಶನಿವಾರ ನೋವಾಯ್‌ನಲ್ಲಿ ರಿಹರ್ಸಲ್, ಹತ್ತು ಗಂಟೆಗೆ. ಹತ್ತು ಅಂದರೆ ಅವರ ಹತ್ತು, ನಮ್ಮ ಒಂಬತ್ತು. ಹಿಂದೊಮ್ಮೆ ಈ ಒಂದು ಗಂಟೆ ಮರೆತು ಹೋಗಿ ನಾಯಕನ ಅಪ್ಪ ಇಲ್ಲದೆಯೇ ಮದುವೆ ಮುಗಿದಿತ್ತು. ಐ-94ರಲ್ಲಿ ನಾಲ್ಕೂವರೆ ಗಂಟೆಯ ದಾರಿ, ಮಧ್ಯೆ ಕಾಫಿಗೆ ಒಮ್ಮೆ ನಿಲ್ಲಿಸಲೇಬೇಕು. ನಾಲ್ಕಕ್ಕೇ ಏಳಬೇಕು. ದಾರಿಯುದ್ದಕ್ಕೂ ಹೇಳಿಕೊಳ್ಳಲು ಒಂದೇ ಸಾಲು ಇದೆ, ಪಕ್ಕದಲ್ಲಿ ಕೂರುವ ನನ್ನವಳಿಗೆ ಅದು ಈಗಾಗಲೇ ಬಾಯಿಪಾಠ ಆಗಿದೆ.